ಹತ್ತು ಬೆರಳು

ಪಿಡಿಒ ಮೇಡಂ ಕೊಟ್ಟ ಪೆನ್‌ಡ್ರೈವಲ್ಲಿ
ಹೊಸ ನಿಯಮ ಇತ್ತು:
ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ
ಮೈಕು, ಡಿಜೆ, ಪವರ್‌ಲೂಮು ಬಂದ್.
ಕಸದ ಗಾಡಿ ನನ್ನದು, ದನಿ ಇನ್ಯಾರದೋ.
ಕೊಂಡ್ಲಹಳ್ಳಿಯ ಓಣಿ ಓಣಿ ಕೂಗಿಸಿದೆ.

ಮಗ್ಗದ ಓಣಿಯಲ್ಲಿ
ದೂರು ಕೊಟ್ಟವರಿಗೂ ಕೊಡಿಸಿಕೊಂಡವರಿಗೂ
ನಡುವೆ ಒಂದೇ ಗೋಡೆ.
ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಸಣ್ಣತಿಮ್ಮಪ್ಪ
"ನಂದೂ ಸದ್ದೇನವ್ವ?" ಅಂದ.
ಅವನ ಕಿವಿ ಹೋಗಿ ಆರು ವರ್ಷ.
ಲಾಳಿ ಆಚೆ ದಡ ಮುಟ್ಟಿದ್ದು
ಹಿಮ್ಮಡಿಗೆ ತಿಳಿಯುತ್ತದಂತೆ.

ಮೊಳಕಾಲ್ಮೂರಿಂದ ಬಂದ ಹುಡುಗ
ಟಾರ್ಚಿನಂಥ ಯಂತ್ರ ಹಿಡಿದು ಅಳೆದ.
ಕೈಮಗ್ಗ ನಲವತ್ನಾಲ್ಕು. ಪರವಾಗಿಲ್ಲ.
ಪವರ್‌ಲೂಮು ಎಪ್ಪತ್ತೊಂಬತ್ತು. ಬರಕೊಂಡ.
ಆಮೇಲೆ ಸುಮ್ಮನೆ, ತಮಾಷೆಗೆ,
ನನ್ನ ಗಾಡಿ ಕಡೆ ತಿರುಗಿಸಿದ:
ತೊಂಬತ್ತೊಂದು.
ಯಂತ್ರ ತಟ್ಟಿ ನೋಡಿದ.
ತೊಂಬತ್ತೊಂದೇ.

ಮಧ್ಯಾಹ್ನದ ಮೇಲೆ ಸ್ಪೀಕರಿನ ವೈರು ಕಿತ್ತು
ಮನೆ ಮನೆಗೆ ಬಾಯಲ್ಲೇ ಹೇಳಿದೆ.
ಗಂಟಲು ಕಟ್ಟಿತು.
ಕೊನೆಯದು ಬೋರಕ್ಕನ ಮನೆ.
ತೊಟ್ಟಿಲಲ್ಲಿ ಮೊಮ್ಮಗು, ಈಗಷ್ಟೇ ಮಲಗಿದ್ದು;
ಅವಳು ತುಟಿ ಮೇಲೆ ಬೆರಳಿಟ್ಟಳು.
ನಾನು ಹೊಸ್ತಿಲಾಚೆಯೇ ನಿಂತು
ಹತ್ತು ಬೆರಳೆತ್ತಿ ತೋರಿಸಿದೆ,
ರಾತ್ರಿ ಹತ್ತು ಅಂತ.

ತಲೆಯಾಡಿಸಿ ಒಳಗೆ ಹೋದಳು.
ಯಾವುದೋ ಡಬ್ಬಿಯ ಮುಚ್ಚಳ ಕಿರುಗುಟ್ಟಿತು.
ಹತ್ತು ರೂಪಾಯಿ ತಂದು ಕೈಗಿಟ್ಟಳು,
ಈ ತಿಂಗಳ ಕಸದ ದುಡ್ಡು.

ರಸೀದಿ ಹರಿದ ಸದ್ದಿಗೆ
ಮಗು ಒಮ್ಮೆ ಮಗ್ಗಲು ಬದಲಿಸಿತು.