ಸ್ಟೇರಿಂಗ್ ಬಿಗಿ

ಮೊದಲ ನಾ ದವಾಖಾನಿಗೇ ಹೋಗಿದ್ದೆ.
ಎಡಗಡಿ ಭುಜ. ಶಹಾಬಾದದ ಖಣಿಯಿಂದ
ಪರ್ಸಿ ಕಲ್ಲು ಹೇರಿ ಕಲಬುರಗಿ ರಿಂಗ್ ರೋಡಿಗಿ ಬಂದು
ಒಂದೊಂದು ತಿರುವಿನಾಗ
ಬಾವಿಯಿಂದ ತುಂಬಿದ ಕೊಡ ಸೇದಿದಂಗ ಸೇದ್ತಿದ್ದೆ ಸ್ಟೇರಿಂಗು.
ವಯಸ್ಸೆಷ್ಟು ಅಂದ್ರು ಡಾಕ್ಟ್ರು. ಐವತ್ಮೂರು.
ಹಂಗಿದ್ರ ಆಗ್ತಿರ್ತದ, ಅಂತ ಮುಲಾಮು ಬರದ್ರು.
ಮೂರು ವಾರ ಕ್ಯಾಬಿನ್ ತುಂಬ ಕರ್ಪೂರದ ವಾಸನಿ,
ತಿರುವು ಮಾತ್ರ ತಿರುವೇ.

ಅವತ್ತು ಹಮಾಲ ಮಲ್ಕಪ್ಪ, ಇಪ್ಪತ್ತರ ಹುಡುಗ,
ಒಬ್ಬನೇ ಮೂರಡಿ ಕಲ್ಲು ಎದಿಗಿ ಹಚ್ಚಿ ಇಳಸಾಂವ,
ಗಾಡಿ ಸರಸಲಿಕ್ಕಂತ ಕುಂತಾಂವ ಹಲ್ಲು ಕಚ್ಚಿದ:
"ಕಾಕಾ, ಇದರ ಕೊಳ್ಳೇ ತಿರಗವಲ್ದಲ್ಲ!"
ನಗಬ್ಯಾಡ್ರಿ, ನನಗ ಖುಷಿ ಆತು.
ಕೆಟ್ಟದ್ದು ಗಾಡಿ. ನಾ ಅಲ್ಲ.

ಹುಮನಾಬಾದ್ ಬೇಸಿನ ಹಿಂದ ಲಾಡ್ಲೇಸಾಬರ ಬೇವಿನ ಗಿಡ.
ಗ್ಯಾರೇಜಂದ್ರ ಅದರ ನೆರಳೇ,
ಬಿಸಿಲು ಸರದಂಗ ಗಾಡಿನೂ ಸರಸಬೇಕು.
ಸಾಬರಿಗಿ ಬಲಗಿವಿ ಕೇಳಂಗಿಲ್ಲ,
ಯಾವಾಗೋ ಟಾಯರ್ ಒಡದಾಗ ಹೋತಂತ.
ಎಡಗಿವಿ ನನ್ನ ಕಡಿ ಮಾಡಿ ಕೇಳಿದ್ರು:
ನಿಂತಾಗ ಭಾರವೋ, ಓಡುವಾಗೋ?
ನಿಂತಾಗ ಭಾಳ.
ರೇಸ್ ಕೊಟ್ರ ಹಗುರಾಗ್ತದೇನು? ಆಗ್ತದ, ಒಂಚೂರು.
ಎರಡೂ ಕಡಿ ಒಂದೇ ಭಾರವೋ?
ಇಷ್ಟು ಪ್ರಶ್ನಿ ಡಾಕ್ಟ್ರು ಕೇಳಿರಲಿಲ್ಲ.

"ಪಂಪ್ ಹೋಗಿರಬೇಕು, ಹೊಸಾದು ಹಾಕ್ರಿ" ಅಂದೆ.
ಜೇಬಿನಾಗ ಎಂಟು ಸಾವಿರ ಮಡಚಿಟಗೊಂಡೇ ಬಂದಿದ್ದೆ.
ಕೈ ಎತ್ತಿದ್ರು. "ದುಬಾರಿ ಬ್ಯಾನಿ ಕಡೀಗಿ ನೋಡೋದು."

ಮೊದಲ ಟಾಯರಿನ ಗಾಳಿ. ಸರಿ ಅದ.
ಜಾಕ್ ಹಚ್ಚಿ ಮುಂದಿನ ಎರಡೂ ಗಾಲಿ ಎತ್ತಿ,
ಇಂಜಿನ್ ಬಂದ್ ಮಾಡಿ ತಾವೇ ತಿರುವಿದ್ರು:
ಕೀಲುಗಳು ಖುಲ್ಲಾ, ಎಲ್ಲೂ ಹಿಡಿಯವಲ್ವು.
ಬೆಲ್ಟು ಹೆಬ್ಬೆಟ್ಟಿಲೆ ಒತ್ತಿದ್ರು, ಬಾಳಿಹಣ್ಣು ಒತ್ತಿದಂಗ.
ಆರು ತಿಂಗಳ ಹಿಂದ ಹಾಕಿದ್ದು, ಬಿಗೀನೇ ಅದ.
ಡಬ್ಬಿ ಮುಚ್ಚಳ ತೆಗದ್ರು.
ಎಣ್ಣಿ ಕೆಂಪಿರಬೇಕಿತ್ತು,
ಒಳಗ ಕಡದ ಮಜ್ಜಿಗಿ ನೊರಿ, ಗುಲಾಬಿ ಬಣ್ಣದ್ದು.
ಸಾಬರು ಏನೂ ಅನಲಿಲ್ಲ.
ಉದ್ದನ ಸ್ಕ್ರೂಡ್ರೈವರ್ ತುದಿ ಪಂಪಿನ ಮೈಮ್ಯಾಲಿಟ್ಟು
ಹಿಡಿಕಿ ಹಲ್ಲಿನಾಗ ಕಚ್ಚಿ ಹಿಡದ್ರು.
ತಿರುವು ಅಂತ ಕೈಸನ್ನಿ.
ತಿರುವಿದೆ.
ನನಗ ಕೇಳಿದ್ದು ಒಂದು ನರಳಿಕಿ, ಹಗಲೆಲ್ಲ ಕೇಳೋದೇ.
ಅವರಿಗಿ ಎಲುಬಿನಾಗ ಏನು ಕೇಳ್ತೋ,
ಕಣ್ಣು ಮುಚ್ಚಿ, ಬಾಯಿ ತುಂಬ ಹಿಡಿಕಿ,
ಗ್ವಾಡಿ ಆಚಿ ಮನಿ ಜಗಳ ಕೇಳಿದಂಗ ನಿಂತ್ರು.

"ಪಂಪ್ ಜೀವಂತದ," ಅಂದ್ರು. "ಗಾಳಿ ಕುಡೀಲಿಕ್ಕತ್ತದ.
ಎಲ್ಲಿಂದ ಅಂತ ಹುಡಕಬೇಕು."

ಡಬ್ಬಿಯಿಂದ ಪಂಪಿಗಿ ಹೋಗೋ ರಬ್ಬರ್ ಪೈಪು,
ಬೆರಳಿನಷ್ಟು ದಪ್ಪ, ಹದಿನಾರು ವರ್ಷದ ಕಾವಿಗಿ ಸುಕ್ಕಾದದ್ದು;
ಕ್ಲಿಪ್ಪಿನ ಕೆಳಗ ಕೂದಲೆಳಿಯಷ್ಟು ಬಿರುಕು.
ನಿಂತಾಗ ಹನಿ ಎಣ್ಣಿ ಅಳ್ತದ,
ಓಡುವಾಗ ಗಾಳಿ ಎಳಕೋತದ,
ಅದಕ್ಕ ಓಡಿಸಾಂವನಿಗಿ ಸೋರಿದ್ದು ಕಾಣಂಗಿಲ್ಲ.

ಎರಡು ಬೆರಳಷ್ಟು ಕೊಯ್ದು ಒಗದ್ರು, ಹೊಸಾ ಕ್ಲಿಪ್ಪು ಹಾಕಿದ್ರು.
ಎಣ್ಣಿ ತುಂಬಿ, ಗಾಲಿ ಮ್ಯಾಲಿದ್ದಂಗೇ
ಈ ಕಡಿ ಪೂರಾ, ಆ ಕಡಿ ಪೂರಾ
ಇಪ್ಪತ್ತು ಸಲ ತಿರುವಿಸಿದ್ರು ನನ್ನ ಕೈಲೆ.
ಗುಳ್ಳಿ ಒಂದೊಂದೇ ಮ್ಯಾಲ ಬಂದು ಒಡದ್ವು.
ಮುನ್ನೂರಾ ಐವತ್ತು ರೂಪಾಯಿ. ಚಾ ಅವರದೇ.

ಹೊಂಟೆ. ಸರ್ಕಲಿನಾಗ ಎಂದಿನಂಗ ಭುಜ ಕೊಟ್ಟು ತಿರುವಿದೆ,
ಗಾಡಿ ಗಕ್ಕನ ತಿರಗಿ
ಕಲ್ಲಂಗಡಿ ಬಂಡಿಗಿ ಗೇಣು ದೂರ ಬಂದು ನಿಂತ್ತು.
ಹಣ್ಣಿನಾಕಿ ಬೈದ್ಳು, ನಮ್ಮ ಮುತ್ಯಾನ ತನಕ ಹೋಗಿ.
ತಪ್ಪು ನಂದೇ. ಗಾಡಿಗಿ ಗೊತ್ತಾಗ್ಯಾದ ಹಗುರಾದದ್ದು,
ಕೈಗಿ ಇನ್ನಾ ಯಾರೂ ಹೇಳಿಲ್ಲ.

ವಾರಾತು. ಈಗ ಒಂದೇ ಬೆರಳಿಗಿ ತಿರಗ್ತದ.
ಭುಜ ಮಾತ್ರ ರಾತ್ರಿ ನೋಯ್ತದ, ಎಡಗಡಿದೇ.
ಮುಲಾಮಿನ ಟ್ಯೂಬು ಡ್ಯಾಶಿನ ಮ್ಯಾಲೇ ಅದ.
ಒಂದಿನ ಸಾಬರ ಮುಂದ ಅಂಗಿ ಕಳದು ಕುಂತು
ಆ ಸ್ಕ್ರೂಡ್ರೈವರ್ ಇಲ್ಲಿ ಹಚ್ಚಿ ನೋಡ್ರಿ ಅನಬೇಕಂತ ಮಾಡೀನಿ.