ಪ್ರಮಾಣ

ಗ್ರಾಫ್ ಹಾಳೆ ಮುಗಿದು ಹದಿನೈದು ದಿನ.
ಬಿಇಒ ಆಫೀಸಿಗೆ ಬರೆದ ಕಾಗದ
ಯಾವ ಫೈಲಿನ ಕೆಳಗೆ ಮಲಗಿದೆಯೋ.
ಎರಡು ಚರಾಕ್ಷರಗಳು ಮಾತ್ರ
ಪುಸ್ತಕದೊಳಗೆ ಕಾಲು ಮಡಚಿ ಕಾಯುತ್ತಿವೆ.

ಬೆಂಚು ಗೋಡೆಗೆ ಸರಿಸಿ ಕಸ ಹೊಡೆದರೆ
ನೆಲವೇ ಹಾಳೆ:
ಅಡಿಗೆ ಅಡಿ ಕೂಡಿಸಿದ ಫರ್ಸಿ, ಬೂದಿ ಬಣ್ಣ,
ನಡುನಡುವೆ ಪಾರಿವಾಳದ ಕತ್ತಿನ ನೀಲಿ.
ಶಹಾಬಾದಿನ ಮಕ್ಕಳು ಅಂಬೆಗಾಲಿಟ್ಟದ್ದೇ ಇದರ ಮೇಲೆ,
ಚೌಕ ಎಣಿಸದೆ.

ಮೂಲೆಯಲ್ಲಿ ಸೊನ್ನೆ. ಬಾಗಿಲ ಕಡೆಗೆ ಎಕ್ಸ್,
ಕಪ್ಪುಹಲಗೆಯ ಕಡೆಗೆ ವೈ.
ಬಿಂದುವಿಗೆ ತೊಗರಿ ಕಾಳು.
(ಜನವರಿಯಲ್ಲಿ ಈ ಕಡೆ
ಜೇಬಿನಲ್ಲಿ ತೊಗರಿ ಇಲ್ಲದ ಹುಡುಗನನ್ನು ನಾನು ಕಂಡಿಲ್ಲ.)
ಒಂದು ಎಕ್ಸ್, ಎರಡು ವೈ, ಕೂಡಿದರೆ ಎಂಟು.

ಜಗದೇವಿ ಇಟ್ಟಳು:
ಸೊನ್ನೆಗೆ ನಾಲ್ಕು. ಎರಡಕ್ಕೆ ಮೂರು. ಆರಕ್ಕೆ ಎರಡು.
ಗೆರೆ ಎಳೆದಳು.
ಅದು ಮೊಳಕಾಲಿನ ಹಾಗೆ ಮಡಚಿತು.

ಆಚೆ ಗೋಡೆಯ ಬುಡದಲ್ಲಿ
ಬೀರು ಬಿದ್ದು ಒಡೆದ ಪಟ್ಟಿ ಕಿತ್ತು
ಹೊಸ ಕಲ್ಲು ಕೂರಿಸಲು ಬಂದ ಮೌಲಾಸಾಬರು,
ಇಷ್ಟು ಹೊತ್ತೂ ನಮಗೆ ಬೆನ್ನು ಕೊಟ್ಟವರು, ಎದ್ದು ಬಂದರು.
ಜಾಜಿನಲ್ಲಿ ಅದ್ದಿದ ದಾರ. ಒಂದು ತುದಿ ಜಗದೇವಿಗೆ.
ಬಿಗಿ ಹಿಡಿದು ನಡುವೆ ಮೀಟಿದರು.
ಟಪ್.

ಕೆಂಪು ಗೆರೆ, ಎರಡು ಕಾಳಿನ ಮೇಲೆ ನೇರ.
ಮೂರನೆಯದು ಒಂದು ಫರ್ಸಿ ಆಚೆ ಕೂತು
ಏನೂ ತಿಳಿಯದವರ ಹಾಗೆ ನೋಡುತ್ತಿತ್ತು.
“ಎರಡು ಕಾಳು ಗೆರಿ ಹೇಳ್ತಾವ ಅವ್ವ, ಮೂರನೇದು ಸಾಕ್ಷಿ.
ನಿನ್ನ ಸಾಕ್ಷಿ ಸುಳ್ಳು ಹೇಳ್ಲಿಕತ್ತದ.”

ನನ್ನ ಕಡೆ ತಿರುಗಿ, “ಇದು ಎಂಥ ಎಂಟ್ರಿ, ಮೇಡಂ?”
ಹೇಳಿದೆ. ನಕ್ಕರು. “ಇದು ನನ್ನ ಪಟ್ಟಿ ಅಲ್ಲೇನ್ರಿ!
ಎಂಟಡಿ ಉದ್ದ. ಒಂದಡಿ ಕಲ್ಲು ಅದಾವ, ಎರಡಡಿವೂ ಅದಾವ.
ಸಣ್ಣವು ಎಂಟು ಹಾಕು, ಇಲ್ಲಾಂದ್ರ ದೊಡ್ಡವು ನಾಕು,
ಎರಡು ಸಣ್ಣವು ಮೂರು ದೊಡ್ಡವು...”
ಬೆರಳು ಮಡಚಿದರು. “ಐದು ದಾರಿ. ಮುಗೀತು.”

ಮುಗಿಯಲಿಲ್ಲ ಎಂದೆ.
ಕಾಳಿಗೂ ಕಾಳಿಗೂ ನಡುವೆ ಗೆರೆ ತುಂಬಿಕೊಂಡಿದೆ,
ಅರ್ಧ, ಕಾಲು, ಮುಕ್ಕಾಲು, ಎಣಿಸಿ ತೀರದು.
“ಒಡೆದದ್ದೂ ಲೆಕ್ಕಕ್ಕ ಬರ್ತದೇನ್ರಿ?”
ಬರುತ್ತದೆ.
ಹೊಸ್ತಿಲ ಬಳಿ ಬಿಸಾಕಿದ ಚೂರುಗಳನ್ನು
ಅವರು ಸ್ವಲ್ಪ ಹೊತ್ತು ನೋಡಿದರು.

ಎಂಟು ದಾಟಿದರೆ? ಭೀಮಶಾನ ಪ್ರಶ್ನೆ.
ಗೆರೆ ಹೊಸ್ತಿಲು ದಾಟಿ ಅಂಗಳಕ್ಕಿಳಿಯುತ್ತದೆ,
ಹತ್ತಕ್ಕೆ ಋಣ ಒಂದು.
ಇಲ್ಲದ ಕಲ್ಲನ್ನು ಹಾಸುವುದು ಹೇಗೆ?
ತರಗತಿ ಬಾಯಿ ಮುಚ್ಚಿತು. ನನಗೂ ಉದಾಹರಣೆ ಸಿಗಲಿಲ್ಲ.

“ಹತ್ತು ಸಣ್ಣವು ಹಾಕಿದ್ರ ಎರಡಡಿ ಹೆಚ್ಚಾತು.
ದೊಡ್ಡದೊಂದರ ಜಾಗ ವಾಪಸ ಕೊಡಬೇಕು. ಅದ ಋಣ.”
ದಾರ ಸುತ್ತಿಕೊಳ್ಳುತ್ತ, ಯಾರಿಗೂ ಅಲ್ಲದಂತೆ,
“ಮೂವತ್ತು ವರ್ಷ ಊರೂರು ಹಾಸೀವಿ.
ಖಣಿಗೆ ಹೋಗಿ ನೋಡ್ರಿ.
ಹಾಸಿದ್ದಕ್ಕೆಲ್ಲ ಅಲ್ಲಿ ಋಣ ಅದ. ನೀರು ತುಂಬ್ಯಾದ.”

ಅವರ ಬಳಿ ಉಳಿದದ್ದು ಐದೇ ಕಲ್ಲು.
ಹಾಗಾಗಿ ಎರಡನೆಯ ಸಮೀಕರಣ: ಎಕ್ಸ್, ವೈ, ಕೂಡಿದರೆ ಐದು.
ನಾವು ಕಾಳಿಟ್ಟು, ದಾರ ಬೇಡಿ, ಗೆರೆ ಹೊಡೆದು
ಎರಡೂ ಗೆರೆ ಕತ್ತರಿಸುವ ಮೂಲೆ ಹುಡುಕಿ
“ಎರಡು, ಮೂರು!” ಎಂದು ಕೂಗುವಷ್ಟರಲ್ಲಿ
ಮೌಲಾಸಾಬರು ಎರಡು ಸಣ್ಣವು ಮೂರು ದೊಡ್ಡವು ಕೂರಿಸಿ
ಸಂದಿಗೆ ಸಿಮೆಂಟು ಹಚ್ಚುತ್ತಿದ್ದರು.

ಕೊನೆಗೆ ಕೂಡದ ಗೆರೆಗಳು. ಎಂಟರ ಪಕ್ಕಕ್ಕೆ ಆರು,
ಅದೇ ಓರೆ, ಅದೇ ಅಂತರ.
ಇವು ಎಲ್ಲಿ ಕೂಡುತ್ತವೆ?
“ವಾಡಿಯೊಳಗರಿ,” ಅಂದ ಭೀಮಶಾ, “ಜಂಕ್ಷನ್ನಿನಾಗ.”
ಆ ದಿನ ಅಲ್ಲಿಗೇ ಪಾಠ ನಿಂತಿತು.

ಫೆಬ್ರವರಿಯಲ್ಲಿ ಹಾಳೆಗಳು ಬಂದವು, ಹಸಿರು, ಸಣ್ಣ ಸಣ್ಣ ಮನೆ.
ಕಿರುಪರೀಕ್ಷೆ. ಜಗದೇವಿಯ ಗೆರೆ ನೇರ,
ಸಾಕ್ಷಿಗೆ ಮೂರರ ಬದಲು ನಾಲ್ಕು ಬಿಂದು.
ಬಲ ಮೂಲೆಯಲ್ಲಿ ದುಂಡಗೆ ಬರೆದಿದ್ದಳು,
ಪ್ರಮಾಣ: ಒಂದು ಸೆಂಟಿಮೀಟರು = ಒಂದು ಫರ್ಸಿ.
ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ.
ಆಮೇಲೆ ಅರ್ಧ ಅಂಕ ಅದಕ್ಕೂ ಹಾಕಿದೆ.