ಉಗುರಿನಷ್ಟು ಹೂವು

ಮೂರು ಗಂಟೆ ಬಸ್ಸಿನ ಧೂಳು ಕೊಡವಿಕೊಂಡು
ಸಾಂತಾಕ್ರೂಸಿನ ಬಟ್ಟೆಬೀದಿಯ ನೆರಳಿಗೆ
ನಾನೂ ಮಗಳೂ ಬಂದು ನಿಂತೆವು.
ಗಂಡ ಚೀಸಿನ ಗಾಲಿ ಹೊತ್ತು ಆಚೆ ಬೀದಿಗೆ ಹೋದ.
ಈ ಊರಿನ ಮಾತು ಅವನಿಗೆ ಬರುತ್ತದೆ, ನನಗೆ ಬಾರದು.
ಮೆನೊನೈಟ್ ಹೆಂಗಸರಿಗೆ ಸ್ಪ್ಯಾನಿಷ್ ಯಾಕೆ
ಎಂದು ಯಾರೂ ಕಲಿಸಲಿಲ್ಲ; ನಾನೂ ಕೇಳಲಿಲ್ಲ.
ನನ್ನ ಬಳಿ ಇರುವುದೊಂದು ತೋರುಬೆರಳು,
ಮತ್ತೆ ಅಜ್ಜಿ ಬಿಟ್ಟುಹೋದ ಅಳತೆ:
ದಿನಾ ತೊಡುವ ಬಟ್ಟೆಯ ಹೂವು
ಹೆಬ್ಬೆರಳ ಉಗುರು ಮೀರಬಾರದು.

ದಿನಾ ತೊಡುವುದು ಅಂದರೇನು, ಕೇಳಿ.
ನಾಲ್ಕೂವರೆಗೆ ಎದ್ದರೆ ಹದಿನೆಂಟು ಹಸು.
ಕೆಚ್ಚಲ ಕೆಳಗೆ ಕೂತರೂ ಮೊಣಕಾಲು ಕಾಣಬಾರದು,
ಬೇಲಿ ಹಾರಿದರೂ ನೆರಿಗೆ ಹರಿಯಬಾರದು,
ತೋಳು ಮೊಣಕೈ ದಾಟಿರಬೇಕು, ಆದರೆ
ಹಿಟ್ಟು ನಾದಲು ಮಡಚಿದರೆ ಮಡಚಿದಲ್ಲೇ ನಿಲ್ಲಬೇಕು.
ಕಡುನೀಲಿಯೇ ಲೇಸು ಎನ್ನುತ್ತಾರೆ ಹಿರಿಯರು.
ಹಿಟ್ಟು ನಾದಿದ ಕೈಗಳಲ್ಲ ಅವು.
ಕಡುನೀಲಿಯ ಮೇಲೆ ಹಿಟ್ಟಿನ ಕೈಗುರುತು
ಮಕ್ಕಳ ಮುಖದ ಮೇಲಿನ ಸುಳ್ಳಿನ ಹಾಗೆ ಎದ್ದು ಕಾಣುತ್ತದೆ.
ನನಗೆ ಕಂದು ಬೇಕು, ಸಾಸಿವೆ ಚೆಲ್ಲಿದಂಥ ಹೂವಿರಬೇಕು,
ಕಲೆ ಬಿದ್ದರೆ ಅದೂ ಒಂದು ಹೂವಾಗಿ ಕೂತುಬಿಡಬೇಕು.
ವಿನಯದಲ್ಲಿ ಅರ್ಧ ಪಾಲು ಒಗೆಯುವವಳ ಲೆಕ್ಕ.
ಭಾನುವಾರದ ಉಪದೇಶದಲ್ಲಿ ಇದು ಬರುವುದಿಲ್ಲ.

ಅಗನೇತಾಗೆ ಈಗ ಹದಿನಾರು.
ಇದು ಬೇಕು ಅನ್ನಲಿಲ್ಲ ಅವಳು. ನೇರಳೆ ಬಣ್ಣದ ಥಾನಿನ ಅಂಚಿಗೆ
ಎಳೆಗರುವಿನ ಮೂಗು ಮುಟ್ಟುವಂತೆ ಬೆರಳಿಟ್ಟು
ಸುಮ್ಮನೆ ನಿಂತಳು.
ಹೂವು ದೊಡ್ಡದು. ದೂರದಿಂದಲೇ ಗೊತ್ತಾಯಿತು.

ನಾನೂ ಒಮ್ಮೆ ನಿಂತಿದ್ದೆ ಹೀಗೆ, ಒಂದು ಹಸಿರಿನ ಮುಂದೆ.
ಅಮ್ಮ ಬೇಡವೆಂದು ತಲೆಯಾಡಿಸಿ ನಡೆದಳು.
ಆ ಹಸಿರು ಈಗಲೂ ಕಣ್ಣಿಗೆ ಕಟ್ಟಿದೆ;
ಅಮ್ಮನ ಮುಖ ಅಷ್ಟಾಗಿ ಇಲ್ಲ.

ಅಂಗಡಿಯಾಕೆ ಎವುಲೋಹಿಯಾ
(ಹಲಗೆಯ ಹೆಸರನ್ನು ಗಂಡ ಒಮ್ಮೆ ಓದಿ ಹೇಳಿದ್ದ)
ಮೇಲಿನ ಬೆಟ್ಟದ ಕಡೆಯವಳು.
ಎರಡು ಜಡೆ, ಗುಂಡು ಟೋಪಿ,
ಒಂದರ ಮೇಲೊಂದು ಉಬ್ಬಿದ ಗುಲಾಬಿ ಲಂಗ;
ಬಿಚ್ಚಿದರೆ ನನಗೆ ಮೂರು ಉಡುಪಾದೀತು.
ಅವಳೂ ಮೈತುಂಬ ಮುಚ್ಚಿಕೊಂಡವಳೇ,
ಆದರೆ ಕೂಗಿ ಮುಚ್ಚಿಕೊಂಡವಳು;
ನಾನು ಪಿಸುಗುಟ್ಟಿ.

ಹಲಗೆ ದಾಟಿ ಬಂದಳು. ಹೇಳದೆ ಕೇಳದೆ
ನನ್ನ ತೋಳಿನಂಚು ತಿರುವಿ ಒಳಹೊಲಿಗೆ ನೋಡಿದಳು,
ಸೊಂಟದ ನೆರಿಗೆ ಎಣಿಸಿದಳು, ತುಟಿ ಮಡಚಿ ಮೆಚ್ಚಿದಳು.
ಆಮೇಲೆ ತನ್ನ ಲಂಗದ ತುದಿ ಇಷ್ಟೇ ಇಷ್ಟು ಎತ್ತಿ
ಇರುವೆ ಸಾಲಿನಂಥ ತನ್ನ ಹೊಲಿಗೆ ತೋರಿಸಿದಳು.
ನಕ್ಕೆವು ಇಬ್ಬರೂ.
ಕಾಲೊನಿಯ ಆಚೆ ನಲವತ್ತೊಂದು ವರ್ಷದಲ್ಲಿ
ನಾನಾಡಿದ ಮೊದಲ ಮಾತು ಅದು.

ಮತ್ತೆ ನೇರಳೆ ಥಾನಿನ ಕಡೆ ತಿರುಗಿ
ಬಲಗೈ ಹೆಬ್ಬೆರಳು ಚಾಚಿದೆ.
ಹತ್ತೊಂಬತ್ತರಲ್ಲಿ ಹಾಲಿನ ಕ್ಯಾನಿನ ಮುಚ್ಚಳ ಬಿದ್ದು
ಜಜ್ಜಿ, ಉದುರಿ, ಮತ್ತೆ ಬೆಳೆದ ಉಗುರು,
ಸೌಟಿನಷ್ಟು ಅಗಲ, ಚಪ್ಪಟೆ.
ಇಟ್ಟೆ ಹೂವಿನ ಮೇಲೆ.
ಹೂವು ಮುಚ್ಚಿಹೋಯಿತು, ಒಂದು ಎಸಳ ತುದಿ ಬಿಟ್ಟು.
ಕೊಂಚ ಒತ್ತಿದೆ.
ಅದೂ ಹೋಯಿತು.

ಯಾರ ಉಗುರು ಎಂದು ಅಜ್ಜಿ ಹೇಳಿರಲಿಲ್ಲ.

ನಾಲ್ಕೂವರೆ ಮೀಟರಿಗೆ ಗೇಣು ಹೆಚ್ಚಿಗೆ ಬಿಟ್ಟು
ಕತ್ತರಿಸಿದಳು ಎವುಲೋಹಿಯಾ.
ಬಸ್ಸಿನಲ್ಲಿ ಮಗಳು ಕಾಗದದ ಪೊಟ್ಟಣ
ಮಡಿಲಿಂದ ಇಳಿಸಲಿಲ್ಲ, ಬಿಚ್ಚಲೂ ಇಲ್ಲ.
ಗಂಡ ಬೆಲೆ ಕೇಳಿದ. ಅಂಚು ಸರಿಸಿ ನೋಡಿದ.
"ಹೂವು ಸ್ವಲ್ಪ..." ಎಂದ.
"ಅಳೆದಿದ್ದೇನೆ" ಎಂದೆ,

ಎಡಗೈ ಹೆಬ್ಬೆರಳನ್ನು
ಮುಷ್ಟಿಯೊಳಗೆ ಮಡಚಿಕೊಂಡು.